ಪದಚರ್ಚೆ: ಕ್ಷಾರ, ಖಾರ ಮತ್ತು ಕಣ್ಣು 'ತೊಳೆಯುವುದು'

ನಮಸ್ಕಾರ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕ್ಲೀನಿಂಗ್ ಸಾಮಾನು ಇಡುವ ಕೋಣೆಗೆ ಒಂದು ಎಚ್ಚರಿಕೆ ಚೀಟಿ ಬರೆಯುತ್ತಿದ್ದೇನೆ. ಎರಡು ಪದ ಸಿಕ್ಕುಹಾಕಿಸಿವೆ.

ಸಿಂಕ್ ಕಟ್ಟಿಕೊಂಡಾಗ ಹಾಕುವ ಪುಡಿಯಲ್ಲಿ ಸಾಮಾನ್ಯವಾಗಿ ಕಾಸ್ಟಿಕ್ ಸೋಡಾ ಇರುತ್ತದೆ. ಅದು ಕ್ಷಾರ, ಅಂದರೆ ಆಸಿಡ್‌ಗೆ ವಿರುದ್ಧ ಗುಣದ ಆಲ್ಕಲಿ. ಹಾಗಾಗಿ 'ಪ್ರಬಲ ಕ್ಷಾರ, ಕಣ್ಣಿಗೆ ಅಪಾಯ' ಎಂದು ಬರೆದೆ. ಕೆಲಸದ ಅಕ್ಕ ಓದಿ, "ಖಾರಾನಾ? ಮೆಣಸಿನಪುಡಿ ತರ ಉರಿಯುತ್ತಾ?" ಅಂದರು. ಅವರದೇನೂ ತಪ್ಪಿಲ್ಲ. ನಮ್ಮ ಖಾರ ಬಂದಿದ್ದೇ ಸಂಸ್ಕೃತದ ಕ್ಷಾರದಿಂದ. ಆದರೆ ಖಾರ ಅಂದ ಕೂಡಲೇ ಉರಿ, ಕಣ್ಣೀರು, ಆಮೇಲೆ ಸರಿಹೋಗುತ್ತೆ ಎಂಬ ಧೈರ್ಯ. ಕ್ಷಾರ ಹಾಗೆ ಬಿಡುವುದಿಲ್ಲ. ಕಣ್ಣಿನ ಜೀವಕೋಶಗಳ ಕೊಬ್ಬನ್ನು ಸಾಬೂನು ಮಾಡಿಕೊಂಡು ಒಳಗಿಳಿಯುತ್ತಾ ಹೋಗುತ್ತದೆ. ಆಸಿಡ್ ಸಾಮಾನ್ಯವಾಗಿ ಮೇಲ್ಪದರದ ಪ್ರೋಟೀನನ್ನು ಹೆಪ್ಪುಗಟ್ಟಿಸಿ ತನ್ನ ದಾರಿಗೆ ತಾನೇ ಅಡ್ಡ ಹಾಕಿಕೊಳ್ಳುತ್ತದೆ. ಆದರೂ ನಮಗೆ ಆಸಿಡ್ ಕಂಡರೆ ಭಯ, ಕ್ಷಾರವೇ ಆದ ಸುಣ್ಣ ಕಂಡರೆ ಸಲುಗೆ. ಎಲೆಅಡಿಕೆ ತಟ್ಟೆಯಲ್ಲೇ ಇರುತ್ತಲ್ವಾ! ಸುಣ್ಣದ ಪೊಟ್ಟಣ ಹಿಸುಕಿ ಮಕ್ಕಳು ಕಣ್ಣಿಗೆ ಸಿಡಿಸಿಕೊಳ್ಳುವುದು ಹೀಗೇ.

'ಕ್ಷಾರ' ತೆಗೆದು 'ಕಣ್ಣು ಸುಡುವ ಪುಡಿ' ಎಂದರೆ ಹೇಗೆ? ಸುಣ್ಣ ಜಾಸ್ತಿಯಾದರೆ ನಾಲಿಗೆ ಸುಟ್ಟಿತು ಅನ್ನುತ್ತೇವೆ. ಬೆಂಕಿಯಿಲ್ಲದ ಸುಡುವಿಕೆ ನಮಗೆ ಹೊಸದಲ್ಲ. ಡಬ್ಬಿಗಳ ಮೇಲಿನ 'ನಾಶಕಾರಿ' ಮಾತ್ರ ನನಗೆ ಹಿಡಿಸದು. ಏನನ್ನು ನಾಶ ಮಾಡುತ್ತದೆ ಅಂತ ಗೊತ್ತಾಗುವುದೇ ಇಲ್ಲ.

ಇನ್ನೊಂದು 'ತೊಳೆ'. ಕಣ್ಣು ತೊಳೆಯಿರಿ ಅಂದರೆ ಎರಡು ಬೊಗಸೆ ನೀರು ಎರಚಿ ಮುಖ ಒರೆಸಿಕೊಳ್ಳುತ್ತಾರೆ. ಬೇಕಿರುವುದು ಅದಲ್ಲ. ಕಣ್ಣುಜ್ಜದೆ, ರೆಪ್ಪೆ ಬಿಡಿಸಿ ಹಿಡಿದು, ಪೆಟ್ಟಾದ ಕಣ್ಣು ಕೆಳಗೆ ಬರುವಂತೆ ತಲೆ ವಾಲಿಸಿ, ತಕ್ಷಣ ನಲ್ಲಿ ನೀರು ಬಿಡಬೇಕು. ಕನಿಷ್ಠ 20 ನಿಮಿಷ. ಆಮೇಲೆ ಸೀದಾ ಕಣ್ಣಿನ ಆಸ್ಪತ್ರೆಗೆ, ಉರಿ ಇಳಿದಿದ್ದರೂ. ಕ್ಷಾರಕ್ಕೆ ಹುಳಿ ಮದ್ದು ಅಂತ ನಿಂಬೆರಸ ಹಿಂಡುವುದಂತೂ ಬೇಡವೇ ಬೇಡ.

ಇದನ್ನೆಲ್ಲ ಹೊರುವ ಒಂದೇ ಕ್ರಿಯಾಪದ ಬೇಕು. 'ನೀರು ಹೊಯ್ಯಿ' ಎಂದರೆ ಒಂದು ಚೊಂಬಿಗೆ ಮುಗಿಯುತ್ತದೆ. 'ಹರಿಸಿ' ಅಂದರೆ ಗದ್ದೆ ನೆನಪಾಗುತ್ತದೆ. ಸದ್ಯಕ್ಕೆ 'ನೀರು ಬಿಡುತ್ತಲೇ ಇರಿ' ಎಂದು ಬರೆದಿದ್ದೇನೆ. ನಿಮ್ಮ ಊರ ಕಡೆ ಇದಕ್ಕೆ ಬೇರೆ ಮಾತಿದೆಯಾ?