ಸರ್ವಾಧಿಕಾರ ಬರುವಾಗ ಜನಕ್ಕೆ ಗೊತ್ತೇ ಆಗಲ್ವಾ?

ನೀಲಿಶಾಯಿ:
ತುಂಬಾ ದಿನದಿಂದ ಒಂದು ವಿಷಯ ತಲೆ ತಿನ್ನುತ್ತಿದೆ. ಹಿಟ್ಲರ್, ಮುಸೊಲಿನಿ, ಸ್ಟಾಲಿನ್ ಬಗ್ಗೆ ಎಲ್ಲಿ ಓದಿದರೂ ಯುದ್ಧ, ಶಿಬಿರ, ಸತ್ತವರ ಲೆಕ್ಕ ಸಿಗುತ್ತದೆ. ಅದಕ್ಕೂ ಮುಂಚಿನ ಭಾಗ ಮಾತ್ರ ನನಗೆ ಸರಿಯಾಗಿ ಅರ್ಥವಾಗಿಲ್ಲ. ಕೋರ್ಟು, ಪತ್ರಿಕೆ, ಪಾರ್ಲಿಮೆಂಟು, ಓದಿದ ಜನ ಎಲ್ಲಾ ಇದ್ದ ದೇಶವನ್ನು ಒಬ್ಬ ಮನುಷ್ಯ ಪೂರ್ತಿ ಕೈಗೆ ತೆಗೆದುಕೊಂಡಿದ್ದು ಹೇಗೆ? ಬಂದೂಕು ಹಿಡಿದು ಬಂದನಾ, ಜನರೇ ವೋಟು ಹಾಕಿ ಕರೆದರಾ? ಇನ್ನೊಂದು, ಬೆಳಗ್ಗೆ ಎದ್ದು ಕೆಲಸಕ್ಕೆ ಹೋಗಿ ಸಂಜೆ ಮನೆಗೆ ಬರುವ ಮಾಮೂಲಿ ಮನುಷ್ಯನಿಗೆ ಏನು ಬದಲಾಯಿತು? 'ಜನ ಮೂರ್ಖರು' ಅನ್ನೋ ಉತ್ತರ ಬೇಡ. ಅದು ನನಗೂ ಹೊಳೆದಿತ್ತು, ಅದರಿಂದ ಏನೂ ತಿಳಿಯಲ್ಲ.

ಕಡತದ ಹುಳ:
ಜರ್ಮನಿಯದ್ದು ಮಾತ್ರ ಹೇಳುತ್ತೇನೆ, ನಾನು ಜಾಸ್ತಿ ಓದಿರುವುದು ಅದನ್ನೇ. 'ಜನ ವೋಟು ಹಾಕಿ ಕರೆದರು' ಅನ್ನುವುದು ಅರ್ಧ ಸತ್ಯ. 1928ರ ಚುನಾವಣೆಯಲ್ಲಿ ನಾಜಿಗಳಿಗೆ ಸಿಕ್ಕಿದ್ದು ಶೇ. 2.6 ವೋಟು. ಯಾರೂ ಲೆಕ್ಕಕ್ಕೇ ಇಟ್ಟಿರಲಿಲ್ಲ. ಆಮೇಲೆ ಆರ್ಥಿಕ ಕುಸಿತ ಬಂತು, 1932ರ ಹೊತ್ತಿಗೆ ಸುಮಾರು 60 ಲಕ್ಷ ಜನಕ್ಕೆ ಕೆಲಸವಿಲ್ಲ, ಆ ಜುಲೈಯಲ್ಲಿ ವೋಟು ಶೇ. 37ಕ್ಕೆ ಏರಿತು. ಆದರೆ ನವೆಂಬರಿನಲ್ಲಿ ಮತ್ತೆ ಚುನಾವಣೆ ಆದಾಗ ಶೇ. 33ಕ್ಕೆ ಇಳಿಯಿತು. ಅಂದರೆ ಹಿಟ್ಲರ್ ಚಾನ್ಸಲರ್ (ನಮ್ಮ ಪ್ರಧಾನಿ ಥರದ ಹುದ್ದೆ) ಆಗಿದ್ದು ಅವನ ಪಕ್ಷ ಇಳಿಯುತ್ತಿದ್ದ ಹೊತ್ತಿನಲ್ಲಿ! ಕರೆದು ಕೂರಿಸಿದ್ದು ಮಾಜಿ ಚಾನ್ಸಲರ್ ಪಾಪೆನ್ ಥರದ ದೊಡ್ಡ ಮನುಷ್ಯರು. ಮಂತ್ರಿಮಂಡಲದಲ್ಲಿ ಹಿಟ್ಲರನೂ ಸೇರಿ ನಾಜಿಗಳು ಮೂರೇ ಜನ, ಉಳಿದವರೆಲ್ಲ ನಮ್ಮವರು, ಇವನನ್ನು ನಾವೇ ಆಡಿಸಬಹುದು ಅನ್ನೋದು ಅವರ ಲೆಕ್ಕ. ಆ ಮೂವರಲ್ಲಿ ಒಬ್ಬ ಗೋರಿಂಗ್. ಜರ್ಮನಿಯ ಅತಿ ದೊಡ್ಡ ರಾಜ್ಯವಾದ ಪ್ರಷ್ಯಾದ ಪೊಲೀಸ್ ಅವನ ಕೈಗೆ ಹೋಯಿತು. ಅದೊಂದು ಸಾಕಾಯಿತು.

ನಂತರ ಎಲ್ಲವೂ ಕಾಗದದ ಮೇಲೇ ನಡೆಯಿತು. 1933ರ ಜನವರಿ 30ಕ್ಕೆ ಅಧಿಕಾರ. ಫೆಬ್ರವರಿ 27ರ ರಾತ್ರಿ ಪಾರ್ಲಿಮೆಂಟ್ ಕಟ್ಟಡಕ್ಕೆ ಬೆಂಕಿ. ಮರುದಿನವೇ ತುರ್ತು ಆಜ್ಞೆ: ಮಾತು, ಪತ್ರಿಕೆ, ಸಭೆ, ಕಾಗದ, ಫೋನು ಯಾವುದಕ್ಕೂ ರಕ್ಷಣೆ ಇಲ್ಲ, ವಿಚಾರಣೆ ಇಲ್ಲದೆ ಒಳಗೆ ಹಾಕಬಹುದು. ಇದು ಕಮ್ಯುನಿಸ್ಟರಿಗೆ ಮಾಡಿದ್ದು, ನಮಗಲ್ಲ ಅಂತ ಬಹಳ ಜನ ಸುಮ್ಮನಾದರು. ಆ ಆಜ್ಞೆಯನ್ನು 1945ರವರೆಗೂ ವಾಪಸ್ ತೆಗೆದುಕೊಳ್ಳಲಿಲ್ಲ. ಮಾರ್ಚ್ 23ಕ್ಕೆ ಪಾರ್ಲಿಮೆಂಟೇ ತನ್ನ ಅಧಿಕಾರವನ್ನು ಸರ್ಕಾರಕ್ಕೆ ಬರೆದುಕೊಟ್ಟಿತು. ಕಟ್ಟಡ ಸುಟ್ಟಿತ್ತಲ್ಲ, ಹಾಗಾಗಿ ಸಭೆ ನಡೆದಿದ್ದು ಒಂದು ಒಪೆರಾ ಮಂದಿರದಲ್ಲಿ, ಸುತ್ತ ನಾಜಿಗಳ ಕಂದು ಅಂಗಿಯ ಪಡೆಯವರು ನಿಂತಿದ್ದರು. ಕಮ್ಯುನಿಸ್ಟ್ ಸದಸ್ಯರನ್ನು ಒಳಗೇ ಬಿಡಲಿಲ್ಲ. ಪರ 444, ವಿರುದ್ಧ 94. ಆ 94 ಜನರೂ ಸೋಷಿಯಲ್ ಡೆಮಾಕ್ರಟರು, ಅಂದರೆ ಕಮ್ಯುನಿಸ್ಟರಲ್ಲದ ಎಡಪಕ್ಷದವರು. ಜುಲೈ 14ಕ್ಕೆ ಒಂದೇ ಪಕ್ಷ, ಬೇರೆ ಪಕ್ಷ ಕಟ್ಟಿದರೆ ಅಪರಾಧ. ಲೆಕ್ಕ ಹಾಕಿ, ಆರು ತಿಂಗಳು ಕೂಡ ಆಗಿಲ್ಲ.

ಜನ ಮರೆಯುವ ಒಂದು ವಿಷಯ ಇದೆ. ಹಿಟ್ಲರ್ ಬರುವ ಮುಂಚೆಯೇ, 1930ರಿಂದ, ಅಲ್ಲಿ ಅಧ್ಯಕ್ಷರ ಆಜ್ಞೆಯ ಮೇಲೇ ಆಡಳಿತ ನಡೆಯುತ್ತಿತ್ತು. ಪಾರ್ಲಿಮೆಂಟನ್ನು ಬದಿಗಿಟ್ಟು ಕೆಲಸ ಮಾಡುವುದು ಆಗಲೇ ರೂಢಿಯಾಗಿತ್ತು. ಬಾಗಿಲ ಚಿಲಕ ಇವನು ಮುರಿಯಲಿಲ್ಲ, ಅದು ಮೊದಲೇ ಸಡಿಲವಾಗಿತ್ತು.

ದಾರಿಹೋಕ:
ಮೇಲಿನವರು ಹೇಳಿದ್ದು ಸರಿ, ಆದರೆ ಎಲ್ಲಾ ಕಡೆ ಅದೇ ದಾರಿ ಅಂದುಕೊಳ್ಳಬೇಡಿ. ಮುಸೊಲಿನಿ 'ರೋಮಿಗೆ ದಂಡೆತ್ತಿ ಹೋದ' ಅನ್ನುತ್ತಾರಲ್ಲ, ಅದು 1922ರ ಅಕ್ಟೋಬರ್. ಅವನ ಕಪ್ಪಂಗಿ ಪಡೆ ಮಳೆಯಲ್ಲಿ ನೆನೆಯುತ್ತಾ ಊರಾಚೆ ಕಾಯುತ್ತಿತ್ತು. ಸೈನ್ಯ ಬೇಕಾದರೆ ತಡೆಯಬಹುದಿತ್ತು, ಆದರೆ ತುರ್ತು ಆಜ್ಞೆಗೆ ರಾಜ ಸಹಿ ಹಾಕಲಿಲ್ಲ. ಸಾಹೇಬರು ಮಿಲಾನಿನಿಂದ ರಾತ್ರಿ ರೈಲಿನಲ್ಲಿ ಮಲಗಿಕೊಂಡು ಬಂದು ಪ್ರಧಾನಿಯಾದರು.

ಸ್ಟಾಲಿನ್ ಕಥೆ ಇನ್ನೂ ಸಪ್ಪೆ, ಅದಕ್ಕೇ ನನಗೆ ಅದು ಜಾಸ್ತಿ ಹೆದರಿಕೆ ಹುಟ್ಟಿಸುತ್ತದೆ. 1922ರಲ್ಲಿ ಅವನಿಗೆ ಸಿಕ್ಕಿದ್ದು ಕಮ್ಯುನಿಸ್ಟ್ ಪಕ್ಷದ ಪ್ರಧಾನ ಕಾರ್ಯದರ್ಶಿ ಹುದ್ದೆ. ಯಾರನ್ನು ಯಾವ ಊರಿಗೆ ಹಾಕಬೇಕು, ಯಾರಿಗೆ ಬಡ್ತಿ ಕೊಡಬೇಕು, ಇಂಥ ಗುಮಾಸ್ತಗಿರಿ. ಭಾಷಣ ಮಾಡಿ ಮಿಂಚುತ್ತಿದ್ದ ಟ್ರಾಟ್ಸ್ಕಿಯಂಥವರಿಗೆ ಅದರ ಬೆಲೆ ತಿಳಿಯಲಿಲ್ಲ. ಎರಡು ವರ್ಷದಲ್ಲಿ ಎಲ್ಲಾ ಕಡೆ ಇವನಿಂದ ಕೆಲಸ ಪಡೆದವರೇ ತುಂಬಿಕೊಂಡರು. ಇವನನ್ನು ಆ ಜಾಗದಿಂದ ತೆಗೆಯಿರಿ ಅಂತ ಹಾಸಿಗೆ ಹಿಡಿದಿದ್ದ ಲೆನಿನ್ ಬರೆಸಿಟ್ಟರೂ ತೆಗೆಯಲು ಆಗಲಿಲ್ಲ.

ಸಂಜೆಗಾಳಿ:
ದಿನನಿತ್ಯದ ಭಾಗಕ್ಕೆ ನಾನು ಬರುತ್ತೇನೆ. ಸಿನಿಮಾದಲ್ಲಿ ತೋರಿಸುವ ಹಾಗೆ ಮನೆಮನೆಗೂ ಒಬ್ಬ ಪೊಲೀಸ್ ಇರಲಿಲ್ಲ. ನಾಜಿಗಳ ಗುಪ್ತ ಪೊಲೀಸ್ ಗೆಸ್ಟಾಪೊದಲ್ಲಿ ಜನ ಕಡಿಮೆ, ಅವರ ಬಹಳಷ್ಟು ಕೇಸು ಶುರುವಾಗಿದ್ದೇ ಪಕ್ಕದ ಮನೆಯವರ ಚಾಡಿಯಿಂದ. ಎಷ್ಟೋ ಸಲ ಅದರಲ್ಲಿ ರಾಜಕೀಯವೇ ಇಲ್ಲ. ಮೆಟ್ಟಿಲ ಜಗಳ, ಹಳೇ ಸಿಟ್ಟು, ಗಂಡ ಹೆಂಡತಿ ಮನಸ್ತಾಪ. ಗೋಡೆಗೂ ಕಿವಿ ಇದೆ ಅನ್ನುತ್ತೇವಲ್ಲ, ಅಲ್ಲಿ ಆ ಕಿವಿ ನೆರೆಮನೆಯವರದ್ದೇ.

ಉಳಿದದ್ದೆಲ್ಲ ಸಣ್ಣಪುಟ್ಟ ವಸ್ತುಗಳ ಮೂಲಕ ಒಳಗೆ ಬಂತು. ರೇಡಿಯೋ ನೋಡಿ. ಎಲ್ಲರಿಗೂ ಎಟುಕಲಿ ಅಂತ ಸರ್ಕಾರವೇ ಮುಂದೆ ನಿಂತು ಅಗ್ಗದ ರೇಡಿಯೋ ಮಾಡಿಸಿತು, ಬೆಲೆ 76 ಮಾರ್ಕ್. ಮಾಡೆಲ್ ಸಂಖ್ಯೆ 301, ಅಂದರೆ ಜನವರಿ 30, ಹಿಟ್ಲರ್ ಬಂದ ದಿನ. 1939ರಲ್ಲಿ ಯುದ್ಧ ಶುರುವಾದ ಮೇಲೆ ಹೊರದೇಶದ ಸ್ಟೇಷನ್ ಕೇಳಿದರೆ ಜೈಲು. ಅದನ್ನು ನೆನಪಿಸುವ ಒಂದು ಚೀಟಿಯನ್ನು ರೇಡಿಯೋ ತಿರುಪಿಗೇ ನೇತುಹಾಕಲು ಕೊಡುತ್ತಿದ್ದರು. ಸಂಜೆ ಹಾಡು ಕೇಳೋಣ ಅಂತ ಕೈ ಚಾಚಿದರೆ ಮೊದಲು ಕೈಗೆ ತಗಲುವುದು ಆ ಚೀಟಿ. ಕಮ್ಯುನಿಸ್ಟ್ ಸರ್ವಾಧಿಕಾರಿ ಚೌಷೆಸ್ಕುವಿನ ರೊಮೇನಿಯಾದಲ್ಲಿ 1983ರಿಂದ ಟೈಪ್‌ರೈಟರ್ ಇಟ್ಟುಕೊಳ್ಳಲೂ ಪೊಲೀಸರ ಅನುಮತಿ ಬೇಕಿತ್ತು. ಅದರ ಅಕ್ಷರದ ಮಾದರಿಯನ್ನೂ ಠಾಣೆಗೆ ಕೊಡಬೇಕು, ನಾಳೆ ಎಲ್ಲಾದರೂ ಕರಪತ್ರ ಸಿಕ್ಕರೆ ಯಾವ ಯಂತ್ರದ್ದು ಅಂತ ಹಿಡಿಯಬಹುದಲ್ಲ.

ನನಗೆ ಎಲ್ಲಕ್ಕಿಂತ ಮನಸ್ಸಲ್ಲಿ ಉಳಿದಿರುವುದು ಮ್ಯೂನಿಕ್‌ನ ಒಂದು ಗಲ್ಲಿ. ಅಲ್ಲಿ ನಾಜಿಗಳ ಒಂದು ಸ್ಮಾರಕ ಇತ್ತು, ಮುಂದೆ ಕಾವಲು. ಹಾದುಹೋಗುವವರೆಲ್ಲ ಕೈ ಎತ್ತಿ ಸಲ್ಯೂಟ್ ಹೊಡೆಯಲೇಬೇಕು. ಅದಕ್ಕೆ ಮನಸ್ಸಿಲ್ಲದವರು ಸ್ಮಾರಕ ಬರುವ ಮುಂಚೆಯೇ ಹಿಂದಿನ ಸಣ್ಣ ಗಲ್ಲಿಗೆ ತಿರುಗಿಬಿಡುತ್ತಿದ್ದರು. ಜನ ಅದಕ್ಕೆ 'ಜಾರಿಕೊಳ್ಳುವವರ ಗಲ್ಲಿ' ಅನ್ನೋ ಅರ್ಥದ ಹೆಸರೇ ಇಟ್ಟರು. ಈಗ ಅಲ್ಲಿ ನೆಲದ ಕಲ್ಲುಗಳ ನಡುವೆ ಕಂಚಿನ ಒಂದು ಪಟ್ಟಿ ಹಾಕಿದ್ದಾರೆ, ಅವರು ನಡೆದ ಜಾಡಿನ ಹಾಗೆ.

ನೀಲಿಶಾಯಿ:
ಎಲ್ಲರಿಗೂ ಥ್ಯಾಂಕ್ಸ್. ಆ ಗಲ್ಲಿ ವಿಷಯ ಗೊತ್ತೇ ಇರಲಿಲ್ಲ. ಹಾಗಾದರೆ ಮುಖ್ಯ ಕಾರಣ ಭಯ ಅಂತಾಯಿತು, ಅಲ್ವಾ?

ಕಡತದ ಹುಳ:
ಭಯ ಒಂದೇ ಅಂದರೆ ಜನರನ್ನು ಸುಲಭವಾಗಿ ಬಿಟ್ಟುಬಿಟ್ಟ ಹಾಗೆ. 1933ರ ಏಪ್ರಿಲ್ 7ರ ಕಾನೂನು ಯಹೂದಿಗಳನ್ನು ಸರ್ಕಾರಿ ಕೆಲಸದಿಂದ ತೆಗೆಯಿತು. ಆ ಕುರ್ಚಿಗಳು ಖಾಲಿ ಬಿದ್ದಿರಲಿಲ್ಲ. ನಿನ್ನೆಯವರೆಗೆ ಜೊತೆಯಲ್ಲಿ ಕಾಫಿ ಕುಡಿದವರೇ ಹೋಗಿ ಕೂತರು. ಅವರು ನಾಜಿಗಳೇ ಆಗಿರಬೇಕು ಅಂತೇನಿಲ್ಲ, ಬಹಳ ದಿನದಿಂದ ಬಡ್ತಿಗೆ ಕಾಯುತ್ತಿದ್ದವರು ಅಷ್ಟೇ. ಮುಂದೆ ಯಹೂದಿಗಳನ್ನು ಸಾಗಿಸಿದ ಮೇಲೆ ಅವರ ಮೇಜು, ಕುರ್ಚಿ, ಹಾಸಿಗೆ, ಬಟ್ಟೆಯನ್ನು ಹ್ಯಾಂಬರ್ಗ್‌ನಂಥ ಊರುಗಳಲ್ಲಿ ಬಹಿರಂಗವಾಗಿ ಹರಾಜು ಹಾಕಿದರು. ಕೊಂಡವರು ಮಾಮೂಲಿ ಜನ. ಯಾರೂ ಅವರ ತಲೆಗೆ ಬಂದೂಕು ಇಟ್ಟಿರಲಿಲ್ಲ.

ದಾರಿಹೋಕ:
ಇಟಲಿಯ ಲೆಕ್ಕವೂ ಒಂದು ಇರಲಿ. 1931ರಲ್ಲಿ ಪ್ರೊಫೆಸರುಗಳೆಲ್ಲ ಫ್ಯಾಸಿಸ್ಟ್ ಸರ್ಕಾರಕ್ಕೆ ನಿಷ್ಠೆಯ ಪ್ರಮಾಣ ಮಾಡಬೇಕು ಅಂದರು. ಸುಮಾರು 1,200 ಜನರಲ್ಲಿ ಒಲ್ಲೆ ಅಂದವರು ಹನ್ನೆರಡರ ಆಸುಪಾಸು. ಸಂಬಳ, ಪಿಂಚಣಿ, ಸಂಸಾರ. ನಾನಾಗಿದ್ದರೆ ಏನು ಮಾಡುತ್ತಿದ್ದೆ ಅಂತ ಎದೆ ತಟ್ಟಿ ಹೇಳಲಾರೆ.

ಸಂಜೆಗಾಳಿ:
ಎದುರು ನಿಂತವರೂ ಇದ್ದರು. ಬರ್ಲಿನ್‌ನಲ್ಲಿ ಒಟ್ಟೋ ಮತ್ತು ಎಲಿಸೆ ಹಾಂಪೆಲ್ ಅಂತ ಗಂಡ ಹೆಂಡತಿ. ಅವನು ಫ್ಯಾಕ್ಟರಿ ಕೆಲಸದವನು. 1940ರಲ್ಲಿ ಎಲಿಸೆಯ ಸಹೋದರ ಯುದ್ಧದಲ್ಲಿ ಸತ್ತ. ಅವತ್ತಿನಿಂದ ಇಬ್ಬರೂ ಹಿಟ್ಲರ್ ವಿರುದ್ಧ ಪೋಸ್ಟ್‌ಕಾರ್ಡ್ ಬರೆದು ಊರಿನ ಕಟ್ಟಡಗಳ ಮೆಟ್ಟಿಲ ಮೇಲೆ, ಪೆಟ್ಟಿಗೆಗಳಲ್ಲಿ ಇಟ್ಟು ಬರುತ್ತಿದ್ದರು. ಎರಡು ವರ್ಷ, 200ಕ್ಕೂ ಹೆಚ್ಚು ಕಾರ್ಡು. ದೊಡ್ಡ ದೊಡ್ಡ ಅಕ್ಷರ, ಕಾಗುಣಿತ ತಪ್ಪು ಬೇರೆ. ಓದಿದವರು ಕೈಯಿಂದ ಕೈಗೆ ದಾಟಿಸುತ್ತಾರೆ ಅಂತ ಅವರ ಆಸೆ. ಸಿಕ್ಕವರಲ್ಲಿ ಹೆಚ್ಚಿನವರು ತಕ್ಷಣ ತೆಗೆದುಕೊಂಡು ಹೋಗಿ ಪೊಲೀಸರಿಗೆ ಒಪ್ಪಿಸಿದರು. ಅವರ ಕಾರ್ಡುಗಳನ್ನು ಇವತ್ತು ನಾವು ನೋಡಬಹುದು ಅಂದರೆ ಅವು ಗೆಸ್ಟಾಪೊ ಕಡತದಲ್ಲಿ ಜೋಪಾನವಾಗಿ ಉಳಿದದ್ದರಿಂದ. 1943ರ ಏಪ್ರಿಲ್‌ನಲ್ಲಿ ಇಬ್ಬರಿಗೂ ಒಂದೇ ದಿನ ಮರಣದಂಡನೆ ಆಯಿತು.