ಮಂಗನಬಾವು ಬಂದ ಮಗ ಎಷ್ಟು ದಿನ ಮನೆಯಲ್ಲಿರಬೇಕು? ಅಕ್ಕನೂ ಶಾಲೆ ಬಿಡಬೇಕೇ?

ಪ್ರಶ್ನೆ: ಸಾಗರ ತಾಲ್ಲೂಕಿನ ಒಬ್ಬ ತಾಯಿ

ಮೊನ್ನೆ ಗುರುವಾರ ರಾತ್ರಿ ಊಟಕ್ಕೆ ಕುಳಿತಿದ್ದ ನನ್ನ ಮಗ, ಮೂರನೆಯ ತರಗತಿಯವನು, ಅಪ್ಪೆಮಿಡಿಯನ್ನು ಕಚ್ಚಿದೊಡನೆ ಎಡಗಿವಿಯ ಕೆಳಗೆ ಕೈ ಹಿಡಿದುಕೊಂಡು ಅತ್ತುಬಿಟ್ಟ. ಮಲಗುವ ಹೊತ್ತಿಗೆ ಅಲ್ಲಿ ಊತ ಕಾಣಿಸಿಕೊಂಡಿತು. ಮರುದಿನ ವೈದ್ಯರು ಅದು ಮಂಗನಬಾವು ಎಂದರು. ನಾನೇ ಶಾಲೆಗೆ ಫೋನ್ ಮಾಡಿ ತಿಳಿಸಿದೆ. ಸಂಜೆಯೊಳಗೆ ತರಗತಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ ‘ಒಬ್ಬ ವಿದ್ಯಾರ್ಥಿಗೆ ಮಂಗನ ಕಾಯಿಲೆ ಬಂದಿದೆ’ ಎಂಬ ಸಂದೇಶ ಬಂದಿತು. ನಮ್ಮ ಮಲೆನಾಡಿನಲ್ಲಿ ಆ ಹೆಸರು ಕೇಳಿದರೆ ಜನ ಹೇಗೆ ಬೆಚ್ಚಿಬೀಳುತ್ತಾರೆಂಬುದನ್ನು ವಿವರಿಸಬೇಕಾಗಿಲ್ಲ.

ಈಗ ಶಾಲೆಯವರು ಮಗನನ್ನು 15 ದಿನ ಕಳಿಸಬಾರದು, ಮರಳಿ ಬರುವಾಗ ಫಿಟ್‌ನೆಸ್ ಸರ್ಟಿಫಿಕೇಟ್ ತರಬೇಕು, ಜೊತೆಗೆ ಅದೇ ಆವರಣದಲ್ಲಿ ಹತ್ತನೆಯ ತರಗತಿ ಓದುತ್ತಿರುವ ನನ್ನ ಮಗಳೂ ಅಷ್ಟೇ ದಿನ ಮನೆಯಲ್ಲಿರಬೇಕು ಎನ್ನುತ್ತಿದ್ದಾರೆ. ಅವಳಿಗೆ ಯಾವ ಲಕ್ಷಣವೂ ಇಲ್ಲ, ಹಾಜರಾತಿಯ ಚಿಂತೆ ಮಾತ್ರ ಇದೆ. ಈ 15 ದಿನಗಳ ಲೆಕ್ಕಕ್ಕೆ ವೈದ್ಯಕೀಯ ಆಧಾರವಿದೆಯೇ, ಅಥವಾ ಎಲ್ಲ ಕಾಯಿಲೆಗೂ ಒಂದೇ ಅಳತೆಗೋಲು ಹಿಡಿಯುತ್ತಿದ್ದಾರೆಯೇ ಎಂಬುದನ್ನು ತಿಳಿದವರು ಹೇಳಬೇಕಾಗಿ ವಿನಂತಿ.

ಉತ್ತರ 1: ಮಕ್ಕಳ ವೈದ್ಯ, ಶಿವಮೊಗ್ಗ

ಮೊದಲು ಹೆಸರಿನ ಗೊಂದಲವನ್ನು ಬಿಡಿಸಿಬಿಡೋಣ. ಮಂಗನ ಕಾಯಿಲೆ ಎಂದರೆ 1957ರಲ್ಲಿ ನಮ್ಮ ಜಿಲ್ಲೆಯಲ್ಲೇ ಮೊದಲು ಗುರುತಿಸಲಾದ ಕ್ಯಾಸನೂರು ಕಾಡಿನ ಕಾಯಿಲೆ. ಅದು ಉಣುಗು ಕಚ್ಚುವುದರಿಂದ ಬರುತ್ತದೆಯೇ ಹೊರತು ಮಗುವಿನಿಂದ ಮಗುವಿಗೆ ಹರಡುವುದಿಲ್ಲ. ನಿಮ್ಮ ಮಗನಿಗೆ ಬಂದಿರುವುದು ಕಿವಿಯ ಕೆಳಗಿನ ಜೊಲ್ಲುಗ್ರಂಥಿಯ ವೈರಸ್ ಸೋಂಕು. ಹುಳಿ ಬಾಯಿಗೆ ಬಿದ್ದೊಡನೆ ಆ ಗ್ರಂಥಿ ಜೊಲ್ಲು ಸುರಿಸಲು ಹೊರಡುತ್ತದೆ, ಊದಿಕೊಂಡಿರುವುದರಿಂದ ನೋವು ಜೀವ ಹಿಂಡುತ್ತದೆ. ಅಪ್ಪೆಮಿಡಿ ನಮಗಿಂತ ಮೊದಲೇ ರೋಗ ಪತ್ತೆ ಮಾಡಿದೆ.

ಮಂಗನಬಾವು ಊತ ಕಾಣಿಸುವ ಒಂದೆರಡು ದಿನ ಮೊದಲಿನಿಂದ ಊತ ಬಂದ ಮೇಲಿನ 5 ದಿನಗಳವರೆಗೆ ಹರಡುತ್ತದೆ. ಊತ ಕಂಡ ದಿನವನ್ನು ಸೊನ್ನೆ ಎಂದು ಹಿಡಿದರೆ, ಶುಕ್ರವಾರದಿಂದ ಮಂಗಳವಾರದವರೆಗೆ 5 ದಿನಗಳಾಗುತ್ತವೆ; ಜ್ವರವಿಲ್ಲದೆ, ಊಟ ಸೇರುವಂತಿದ್ದರೆ ಬುಧವಾರ ಅವನು ತರಗತಿಯಲ್ಲಿ ಕೂರಬಹುದು. ಕೆನ್ನೆಯಲ್ಲಿ ಅಲ್ಪಸ್ವಲ್ಪ ಊತ ಉಳಿದಿದ್ದರೂ ಅಡ್ಡಿಯಿಲ್ಲ. ಆದರೆ ವಿಪರೀತ ತಲೆನೋವಿನೊಡನೆ ವಾಂತಿ, ಹೊಟ್ಟೆನೋವು, ಕಿವಿ ಮಂದವಾಗುವುದು ಅಥವಾ ವೃಷಣದಲ್ಲಿ ನೋವು ಕಂಡರೆ ದಿನ ಎಣಿಸುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಬನ್ನಿ.

ಮಗಳನ್ನು ಮನೆಯಲ್ಲಿರಿಸುವ ಅಗತ್ಯವಿಲ್ಲ. ಸೋಂಕು ತಗುಲಿದ್ದರೂ ಅದು ಹೊರಬೀಳಲು 12ರಿಂದ 25 ದಿನಗಳು ಬೇಕು. ಲಕ್ಷಣವಿಲ್ಲದ ಒಡಹುಟ್ಟಿದವರನ್ನೆಲ್ಲ ಅಷ್ಟೂ ಕಾಲ ಹೊರಗಿಡುವುದಾದರೆ ಯಾವ ಶಾಲೆಯೂ ನಡೆಯಲಾರದು. ಅವಳ ಲಸಿಕೆಯ ಕಾರ್ಡನ್ನೊಮ್ಮೆ ತೆಗೆದು ನೋಡಿ. ಸರ್ಕಾರಿ ಲಸಿಕಾ ಕಾರ್ಯಕ್ರಮದಲ್ಲಿ ಕೊಡುವ ಎಂಆರ್ ಚುಚ್ಚುಮದ್ದು ದಡಾರ ಮತ್ತು ರುಬೆಲ್ಲಾಗಳಿಗೆ ಮಾತ್ರ ಸಂಬಂಧಿಸಿದ್ದು. ಮಂಗನಬಾವೂ ಸೇರಿದ ಎಂಎಂಆರ್ ಲಸಿಕೆಯನ್ನು ಖಾಸಗಿಯಾಗಿ ಹಾಕಿಸಬೇಕಾಗುತ್ತದೆ. ಈಗ ಹಾಕಿಸಿದರೆ ಈ ಸಲದ ಸೋಂಕು ತಡೆಯಲ್ಪಡುತ್ತದೆ ಎಂಬ ಭರವಸೆಯಿಲ್ಲ, ಮುಂದಕ್ಕಂತೂ ಉಪಯೋಗವಿದೆ.

ಸರ್ಟಿಫಿಕೇಟಿನ ಬಗ್ಗೆ ನನ್ನದೊಂದು ತಕರಾರಿದೆ. ಗುಣವಾದ ಮಗುವನ್ನು ಒಂದು ಸಹಿಗಾಗಿ ಕೆಮ್ಮುವ ಮಕ್ಕಳ ನಡುವೆ ಒಂದು ಗಂಟೆ ಕೂರಿಸಿ, ಇನ್ನೊಂದು ಸೋಂಕು ಅಂಟಿಸಿಕೊಂಡು ಹೋಗುವಂತೆ ಮಾಡುವುದು ಯಾವ ಆರೋಗ್ಯ ಕ್ರಮವೋ ನನಗೆ ಅರ್ಥವಾಗಿಲ್ಲ.

ಉತ್ತರ 2: ಸರ್ಕಾರಿ ಪ್ರೌಢಶಾಲಾ ಶಿಕ್ಷಕ

ಡಾಕ್ಟರು ಹೇಳಿದ್ದನ್ನು ಒಪ್ಪುತ್ತಲೇ, ಶಾಲೆಯ ಒಳಗಿನಿಂದ ಕಾಣುವುದನ್ನೂ ಹೇಳಬೇಕೆನಿಸುತ್ತದೆ. 2025ರ ಮೇ ಕೊನೆಯಲ್ಲಿ, ಶಾಲೆಗಳು ತೆರೆಯುವ ಹೊತ್ತಿಗೆ ಕೋವಿಡ್ ಪ್ರಕರಣಗಳು ಮತ್ತೆ ತಲೆಯೆತ್ತಿದಾಗ, ಜ್ವರ, ಕೆಮ್ಮು, ನೆಗಡಿ ಇರುವ ಮಕ್ಕಳನ್ನು ಶಾಲೆಗೆ ಕಳಿಸಬಾರದು, ಬಂದಿದ್ದರೆ ಪೋಷಕರಿಗೆ ತಿಳಿಸಿ ಮನೆಗೆ ಕಳಿಸಬೇಕು ಎಂದು ರಾಜ್ಯದ ಆರೋಗ್ಯ ಇಲಾಖೆ ಸುತ್ತೋಲೆ ಹೊರಡಿಸಿತ್ತು. ಮಾತು ಸರಿಯಾಗಿಯೇ ಇತ್ತು. ಆದರೆ ಅಡಿಕೆ ಸುಲಿಯಲು ಹೋಗಿರುವ ತಾಯಿಗೆ ಹನ್ನೊಂದು ಗಂಟೆಗೆ ಫೋನ್ ಮಾಡಿದರೆ ಅವಳು ಅರ್ಧ ದಿನದ ಕೂಲಿ ಬಿಟ್ಟು ಬರಬೇಕು. ಬರುವವರೆಗೆ ಮಗುವನ್ನು ಮಲಗಿಸಲು ನಮ್ಮಲ್ಲಿ ಪ್ರತ್ಯೇಕ ಕೋಣೆಯಿಲ್ಲ, ಮುಖ್ಯೋಪಾಧ್ಯಾಯರ ಕೋಣೆಯ ಹೊರಗಿನ ಬೆಂಚೊಂದಿದೆ ಅಷ್ಟೆ. ಆದುದರಿಂದಲೇ ಬೆಳಗ್ಗೆ ಎಂಟಕ್ಕೆ ಪ್ಯಾರಾಸಿಟಮಾಲ್ ಸಿರಪ್ ಕುಡಿಸಿ ಕಳಿಸುತ್ತಾರೆ. ಪ್ರಾರ್ಥನೆಯಲ್ಲಿ ಚುರುಕಾಗಿ ನಿಂತಿದ್ದ ಮಗು ಬಿಸಿಯೂಟದ ಗಂಟೆ ಹೊಡೆಯುವ ಹೊತ್ತಿಗೆ ಡೆಸ್ಕಿನ ಮೇಲೆ ತಲೆಯಿಟ್ಟಿರುತ್ತದೆ, ಮುಟ್ಟಿದರೆ ಮೈ ಕೆಂಡ.

ಇದರಲ್ಲಿ ನಮ್ಮ ಪಾಲಿನ ತಪ್ಪೂ ಇದೆ. 2023ರ ಜುಲೈ–ಆಗಸ್ಟ್‌ನಲ್ಲಿ ಮದ್ರಾಸ್ ಐ ಹಬ್ಬಿದಾಗ ಒಬ್ಬ ಹುಡುಗಿ ಕೀವು ಕಟ್ಟಿದ ಕಣ್ಣನ್ನು ದುಪಟ್ಟಾದಲ್ಲಿ ಒರೆಸಿಕೊಳ್ಳುತ್ತ ಒಂದು ದಿನವನ್ನೂ ತಪ್ಪಿಸದೆ ಬಂದಳು. ವಾರ್ಷಿಕೋತ್ಸವದಲ್ಲಿ ಪೂರ್ಣ ಹಾಜರಾತಿಯ ಬಹುಮಾನವನ್ನು ಅವಳ ಕೈಗೆ ಕೊಟ್ಟವನು ನಾನೇ. ಆ ಬಹುಮಾನವನ್ನು ನಾವು ಈಗ ನಿಲ್ಲಿಸಿದ್ದೇವೆ.

‘ಅಮ್ಮ’ ಬಂದ ಮನೆಗಳಲ್ಲಿ ಮಾತ್ರ ನಮಗೆ ಈ ಕಷ್ಟವಿಲ್ಲ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ನೀರು ಹಾಕುವ ಶಾಸ್ತ್ರ ಮುಗಿಯುವವರೆಗೆ ಮಗುವನ್ನು ಹೊಸಿಲು ದಾಟಿಸುವುದಿಲ್ಲ. ಅಷ್ಟರಲ್ಲಿ ಗುಳ್ಳೆಗಳೆಲ್ಲ ಒಣಗಿ ಹೆಕ್ಕಳೆ ಕಟ್ಟಿರುತ್ತವೆ, ಚಿಕನ್ ಪಾಕ್ಸ್‌ಗೆ ಬೇಕಾಗಿರುವುದೂ ಅದೇ ತಾನೆ.

ತಾಯಿಯವರಿಗೆ ಒಂದು ಮಾತು: ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಶೇ. 75 ಹಾಜರಾತಿ ಬೇಕು. ಮಗಳು ಇದುವರೆಗೆ ಸರಿಯಾಗಿ ಬಂದಿದ್ದರೆ ಅಪಾಯವಿಲ್ಲ, ಆದರೂ ಶಾಲೆಯೇ ಬರಬೇಡವೆಂದ ದಿನಗಳಿದ್ದರೆ ಅದನ್ನು ಬರವಣಿಗೆಯಲ್ಲಿ ಪಡೆದುಕೊಳ್ಳಿ.

ಉತ್ತರ 3: ಇಂಗ್ಲೆಂಡಿನಲ್ಲಿರುವ ಕನ್ನಡಿಗ ಪಾಲಕರು

ಇಲ್ಲಿ ಯುಕೆ ಆರೋಗ್ಯ ಭದ್ರತಾ ಸಂಸ್ಥೆಯ ಪಟ್ಟಿಯೊಂದು ಶಾಲೆಯ ಗೋಡೆಯ ಮೇಲೆಯೇ ಇರುತ್ತದೆ. ಮಂಗನಬಾವಿಗೆ 5 ದಿನ, ದಡಾರಕ್ಕೆ ದದ್ದು ಎದ್ದ ಮೇಲೆ 4 ದಿನ, ವಾಂತಿಭೇದಿಗೆ ಕೊನೆಯ ಸಲ ಆದಂದಿನಿಂದ 48 ಗಂಟೆ. ಇವುಗಳಲ್ಲಿ ರಿಯಾಯಿತಿಯಿಲ್ಲ. ಆದರೆ ಕೆಂಗಣ್ಣು, ಕೈ-ಕಾಲು-ಬಾಯಿ ರೋಗ, ತಲೆಹೇನು ಇವಕ್ಕೆ ಮಗು ಲವಲವಿಕೆಯಿಂದಿದ್ದರೆ ರಜೆಯೇ ಇಲ್ಲ. ಕೈ ತುಂಬ ಗುಳ್ಳೆಗಳಿದ್ದ ನನ್ನ ಮಗಳನ್ನು ಮನೆಯಲ್ಲಿರಿಸಿದ್ದಕ್ಕೆ ಶಾಲೆಯಿಂದಲೇ ಫೋನ್ ಬಂದಾಗ ನನಗೆ ದಿಗಿಲಾಗಿತ್ತು. ನಮ್ಮ ಶಾಲೆಗಳಲ್ಲಿ ಇದು ಸಾಧ್ಯವೇ ಎಂದು ಡಾಕ್ಟರನ್ನು ಕೇಳಬೇಕೆನಿಸಿದೆ.

ಉತ್ತರ 4: ಮಕ್ಕಳ ವೈದ್ಯ, ಶಿವಮೊಗ್ಗ

ಕೈ-ಕಾಲು-ಬಾಯಿ ರೋಗದ ವಿಷಯದಲ್ಲಿ ಅವರ ತರ್ಕ ಸರಿಯಾಗಿದೆ. ಅದರ ವೈರಸ್ ಮಲದಲ್ಲಿ ವಾರಗಟ್ಟಲೆ ಹೊರಬರುತ್ತಿರುವುದರಿಂದ, ಪೂರ್ತಿ ಹೋಗುವವರೆಗೆ ಕಾಯುತ್ತೇವೆಂದರೆ ತಿಂಗಳೇ ಕಳೆದೀತು. ಜ್ವರ ಇಳಿದು, ಬಾಯಿಹುಣ್ಣಿನಿಂದ ಜೊಲ್ಲು ಸುರಿಯುವುದು ನಿಂತರೆ ಕಳಿಸಬಹುದು. ಶೌಚದ ನಂತರ ಸೋಪು ಹಾಕಿ ಕೈ ತೊಳೆಯುವುದೇ ಅಲ್ಲಿ ಮುಖ್ಯ. ಕೆಂಗಣ್ಣಿನ ಬಗ್ಗೆ ಮಾತ್ರ ನಾನು ಅಷ್ಟು ಉದಾರಿಯಲ್ಲ. ಅದು ನೋಡಿದರೆ ಬರುವುದಿಲ್ಲ, ಕಪ್ಪು ಕನ್ನಡಕದಿಂದ ನಿಲ್ಲುವುದೂ ಇಲ್ಲ. ಕೈಯಿಂದ, ಟವೆಲ್ಲಿನಿಂದ ದಾಟುತ್ತದೆ. ಒಂದೇ ಬೆಂಚಿನಲ್ಲಿ ನಾಲ್ವರು ಕೂರುವ ತರಗತಿಯಲ್ಲಿ, ಕೊಳಾಯಿಯಲ್ಲಿ ನೀರು ಬರುವುದು ಅದೃಷ್ಟವಾಗಿರುವಾಗ, ಪಿಸುರು ಸುರಿಯುವಷ್ಟು ದಿನ ಮನೆಯಲ್ಲಿರಲಿ ಎಂದೇ ನಾನು ಹೇಳುತ್ತೇನೆ. ಸಾಮಾನ್ಯ ಜ್ವರಕ್ಕೆ, ಔಷಧಿಯಿಲ್ಲದೆ 24 ಗಂಟೆ ಮೈ ತಣ್ಣಗಿರಬೇಕು. ಮೇಷ್ಟ್ರು ಹೇಳಿದ ಸಿರಪ್ ಕಥೆಗೆ ಉತ್ತರ ಆ ‘ಔಷಧಿಯಿಲ್ಲದೆ’ ಎಂಬ ಮಾತಿನಲ್ಲಿದೆ.

ಪ್ರಶ್ನೆ ಕೇಳಿದ ತಾಯಿ

ಎಲ್ಲರಿಗೂ ಕೃತಜ್ಞಳಾಗಿದ್ದೇನೆ. ಡಾಕ್ಟರು ಬರೆದದ್ದನ್ನು ಮುಖ್ಯೋಪಾಧ್ಯಾಯಿನಿಯವರಿಗೆ ಓದಿ ಹೇಳಿದೆ. ಮಗ ಬುಧವಾರ ಬರಲಿ, ಸರ್ಟಿಫಿಕೇಟಿನ ಬದಲು ನನ್ನ ಪತ್ರ ಸಾಕು ಎಂದರು. ಗುಂಪಿನಲ್ಲಿ ಹೆಸರನ್ನೂ ತಿದ್ದಿದರು, ಅಷ್ಟರಲ್ಲಿ ಪಕ್ಕದ ಮನೆಯವರು ನಮ್ಮ ತೋಟದ ಕಡೆಯಿಂದ ಹಾಲು ತರುವುದನ್ನು ನಿಲ್ಲಿಸಿಯಾಗಿತ್ತು. ಮಗಳ ಕಾರ್ಡಿನಲ್ಲಿ ದಡಾರದ ಚುಚ್ಚುಮದ್ದುಗಳಿವೆ, 2017ರ ಅಭಿಯಾನದಲ್ಲಿ ಶಾಲೆಯಲ್ಲೇ ಹಾಕಿದ ಎಂಆರ್ ಇದೆ, ಎಂಎಂಆರ್ ಇಲ್ಲ. ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಹನ್ನೆರಡನೆಯ ದಿನದಿಂದ ಇಪ್ಪತ್ತೈದನೆಯ ದಿನದವರೆಗೆ ಪೆನ್ಸಿಲಿನಿಂದ ಗೆರೆ ಎಳೆದಿಟ್ಟಿದ್ದೇನೆ. ಅವಳ ಅರ್ಧವಾರ್ಷಿಕ ಪರೀಕ್ಷೆ ಸರಿಯಾಗಿ ಅದರ ನಡುವೆಯೇ ಬರುತ್ತದೆ. ಈ ವಾರದಿಂದ ಊಟಕ್ಕೆ ಕೂತಾಗಲೆಲ್ಲ ಮೊದಲು ಉಪ್ಪಿನಕಾಯಿ ಬಡಿಸಿ ಅವಳ ಮುಖವನ್ನೇ ನೋಡುತ್ತಿರುತ್ತೇನೆ.