ಮರೆತುಹೋದ ರಾಕ್ ಆಲ್ಬಮ್‌ಗಳು: ಸಂಗೀತ ಉಳಿಸಿತೋ, ಕಥೆ ಉಳಿಸಿತೋ?

ಹಳೇ ಟೇಪು:
ಎರಡು ವಾರಗಳಿಂದ ನಾನು ಇಂಗ್ಲೆಂಡಿನ ಜಾಂಬೀಸ್ ತಂಡದ ‘ಒಡೆಸ್ಸಿ ಅಂಡ್ ಒರಾಕಲ್’ ಆಲ್ಬಮ್ ಬಿಟ್ಟು ಬೇರೇನನ್ನೂ ಕೇಳಿಲ್ಲ. 1967ರಲ್ಲಿ ಬೀಟಲ್ಸ್ ‘ಸಾರ್ಜೆಂಟ್ ಪೆಪ್ಪರ್’ ಮುಗಿಸಿದ ಸ್ವಲ್ಪ ದಿನಕ್ಕೆ ಲಂಡನ್ನಿನ ಅದೇ ಅಬ್ಬೆ ರೋಡ್ ಸ್ಟುಡಿಯೋಗೆ ಹೋಗಿ, ಜಾನ್ ಲೆನನ್ ಅಲ್ಲಿಯೇ ಬಿಟ್ಟಿದ್ದ ಮೆಲೊಟ್ರಾನ್ ಎಂಬ ಕೀಲಿಮಣೆ ವಾದ್ಯವನ್ನು ನುಡಿಸಿ ಈ ಐವರು ಇದನ್ನು ಧ್ವನಿಮುದ್ರಿಸಿದರು. ಕಂಪನಿ ಕೊಟ್ಟ ಹಣ ಸಾಲದೆ ಸ್ಟೀರಿಯೋ ಮಿಕ್ಸಿಂಗ್ ಖರ್ಚನ್ನು ತಂಡದ ರಾಡ್ ಆರ್ಜೆಂಟ್ ಮತ್ತು ಕ್ರಿಸ್ ವೈಟ್ ಸ್ವಂತ ಕೈಯಿಂದ ಹಾಕಿದರು. 1968ರ ಏಪ್ರಿಲ್‌ನಲ್ಲಿ ಆಲ್ಬಮ್ ಅಂಗಡಿಗೆ ಬರುವ ಹೊತ್ತಿಗೆ ತಂಡವೇ ಚದುರಿಹೋಗಿತ್ತು. ಮರುವರ್ಷ ಅದರ ಕೊನೆಯ ಹಾಡು ‘ಟೈಮ್ ಆಫ್ ದ ಸೀಸನ್’ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೂರನೆಯ ಸ್ಥಾನಕ್ಕೆ ಏರಿದಾಗ ವೇದಿಕೆ ಹತ್ತಲು ಯಾರೂ ಉಳಿದಿರಲಿಲ್ಲ.

ಹಳೆಯ ಸಂಗೀತದ ಮೋಹವೆಂದರೆ ಬರೀ ಬಾಲ್ಯದ ಹಳಹಳಿಕೆ ಎನ್ನುವವರಿಗೆ ನನ್ನ ಉತ್ತರ ಇದು: ಈ ಆಲ್ಬಮ್ ಬಂದಾಗ ನಾನು ಹುಟ್ಟಿಯೇ ಇರಲಿಲ್ಲ. ಒಳ್ಳೆಯ ಸಂಗೀತ ಎಂದಿಗೂ ಕಳೆದುಹೋಗುವುದಿಲ್ಲ, ತನ್ನ ಕೇಳುಗನನ್ನು ತಾನೇ ಹುಡುಕಿಕೊಳ್ಳುತ್ತದೆ. ಅಮೆರಿಕದ ಡೆಟ್ರಾಯಿಟ್‌ನ ಗಾಯಕ ರೊಡ್ರಿಗೇಜ್ ಅವರನ್ನೇ ನೋಡಿ. 1970ರ ‘ಕೋಲ್ಡ್ ಫ್ಯಾಕ್ಟ್’ ಆಲ್ಬಮ್ ಮಾರಾಟವಾಗದೆ, ಮನೆ ಕೆಡವುವ ಕೂಲಿ ಕೆಲಸಕ್ಕೆ ಇಳಿದು, ದಕ್ಷಿಣ ಆಫ್ರಿಕಾದಲ್ಲಿ ತಾವು ಮನೆಮಾತಾಗಿರುವುದೂ ತಿಳಿಯದೆ, 1998ರವರೆಗೆ ಒಂದು ದೊಡ್ಡ ವೇದಿಕೆಯನ್ನೂ ಹತ್ತದೆ ಅವರು ಬದುಕಿದರು. ಆದರೂ ಹಾಡುಗಳು ಉಳಿದವು.

ತುಂಗಾತೀರ:
‘ಒಳ್ಳೆಯ ಸಂಗೀತ ಎಂದಿಗೂ ಕಳೆದುಹೋಗುವುದಿಲ್ಲ’ ಎಂಬ ಮಾತನ್ನು ಯಾವ ಧೈರ್ಯದ ಮೇಲೆ ಬರೆದಿರಿ? ಕಳೆದುಹೋದದ್ದು ನಮಗೆ ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ಎಣಿಸಲು ಬರುವುದಿಲ್ಲ. ಸಿಕ್ಕ ನಾಲ್ಕು ಆಲ್ಬಮ್‌ಗಳನ್ನು ಹಿಡಿದು ಎಲ್ಲವೂ ಸಿಗುತ್ತವೆ ಎನ್ನುವುದು, ದಡ ಸೇರಿದವರನ್ನು ಮಾತ್ರ ವಿಚಾರಿಸಿ ಹೊಳೆಯಲ್ಲಿ ಯಾರೂ ಮುಳುಗಲಿಲ್ಲ ಎಂದ ಹಾಗಾಯಿತು. ಇಂಗ್ಲೆಂಡಿನ ಗಾಯಕ ನಿಕ್ ಡ್ರೇಕ್ 1974ರಲ್ಲಿ ಇಪ್ಪತ್ತಾರನೆಯ ವಯಸ್ಸಿಗೆ ತೀರಿಕೊಂಡರು. ಅವರ ‘ಪಿಂಕ್ ಮೂನ್’ ಆಲ್ಬಮ್ ದೊಡ್ಡ ಸಂಖ್ಯೆಯಲ್ಲಿ ಮಾರಾಟವಾದದ್ದು 1999ರಲ್ಲಿ ಫೋಕ್ಸ್‌ವ್ಯಾಗನ್ ಕಾರಿನ ಜಾಹೀರಾತಿನಲ್ಲಿ ಅದೇ ಹೆಸರಿನ ಹಾಡು ಬಂದ ಮೇಲೆ. ಸಂಗೀತವು ಕೇಳುಗನನ್ನು ತಾನೇ ಹುಡುಕಿಕೊಳ್ಳಲಿಲ್ಲ, ಕಾರು ಮಾರುವವರು ಹುಡುಕಿಕೊಟ್ಟರು. ಮೆಂಫಿಸ್‌ನ ಬಿಗ್ ಸ್ಟಾರ್ ತಂಡದ ಮೊದಲ ಆಲ್ಬಮ್ಮನ್ನು 1972ರಲ್ಲಿ ವಿಮರ್ಶಕರು ಹೊಗಳಿದರೂ ವಿತರಣೆ ಕೈಕೊಟ್ಟು ಪ್ರತಿಗಳು ಅಂಗಡಿ ಮುಟ್ಟಲಿಲ್ಲ. ಅದನ್ನು ಕಟ್ಟಿದ ಕ್ರಿಸ್ ಬೆಲ್ 1978ರಲ್ಲಿ ಕಾರು ಅಪಘಾತದಲ್ಲಿ ಹೋದರು. ಅವರ ಪಾಲಿಗೆ ಆ ಸಂಗೀತ ಕಳೆದೇ ಹೋಗಿತ್ತು.

ಮೆಲ್ಬರ್ನ್ ನಿವಾಸಿ:
‘1998ರವರೆಗೆ ಒಂದು ದೊಡ್ಡ ವೇದಿಕೆಯನ್ನೂ ಹತ್ತದೆ’ ಎಂಬುದು ತಪ್ಪು, ದಯವಿಟ್ಟು ತಿದ್ದಿಕೊಳ್ಳಿ. ಎಪ್ಪತ್ತರ ದಶಕದಲ್ಲಿ ಸಿಡ್ನಿಯ ರೇಡಿಯೋದಲ್ಲಿ ರೊಡ್ರಿಗೇಜ್ ಅವರ ಹಾಡು ಬಂದು, ಇಲ್ಲಿಯ ಒಂದು ಸಂಸ್ಥೆ ಹಕ್ಕುಗಳನ್ನು ಕೊಂಡು ಆಲ್ಬಮ್‌ಗಳನ್ನು ಮರುಬಿಡುಗಡೆ ಮಾಡಿತು. 1979ರಲ್ಲಿ ರೊಡ್ರಿಗೇಜ್ ಆಸ್ಟ್ರೇಲಿಯಾ ಪ್ರವಾಸ ಮಾಡಿದರು, 1981ರಲ್ಲಿ ಇಲ್ಲಿಯ ಮಿಡ್‌ನೈಟ್ ಆಯಿಲ್ ರಾಕ್ ತಂಡದೊಂದಿಗೆ ಮತ್ತೆ ಬಂದರು. ಆ ಮೊದಲ ಪ್ರವಾಸದ ಕಛೇರಿಯ ಧ್ವನಿಮುದ್ರಣವೂ ‘ಅಲೈವ್’ ಎಂಬ ಹೆಸರಿನಲ್ಲಿ ಇಲ್ಲಿ ಬಿಡುಗಡೆಯಾಗಿದೆ. ನನ್ನ ಹಿಂದಿನ ಮನೆಯ ಮಾಲೀಕರು ಆ ಎಲ್‌ಪಿಯನ್ನು (ದೊಡ್ಡ ಗ್ರಾಮಫೋನ್ ತಟ್ಟೆ) ಹಾಲ್‌ನ ಕಪಾಟಿನಲ್ಲಿ ಇಟ್ಟಿದ್ದರು. ಅಂಚಿನಲ್ಲಿ ಅಂಗಡಿಯ ಬೆಲೆಚೀಟಿ ಅಂಟಿಕೊಂಡೇ ಇತ್ತು. ಅವರಿಗೆ ಆತ ಎಂದೂ ಮರೆತುಹೋದ ಗಾಯಕನಾಗಿರಲಿಲ್ಲ. ನಿಮಗೆ ಈ ಸುಳ್ಳನ್ನು ಕಲಿಸಿದ್ದು 2012ರ ‘ಸರ್ಚಿಂಗ್ ಫಾರ್ ಶುಗರ್ ಮ್ಯಾನ್’ ಸಾಕ್ಷ್ಯಚಿತ್ರ. ಆಸ್ಟ್ರೇಲಿಯಾ ಎಂಬ ಖಂಡವನ್ನೇ ಅಳಿಸಿಹಾಕಿ ಅದು ಆಸ್ಕರ್ ತೆಗೆದುಕೊಂಡಿತು.

ಬಾಸ್ ಗಿಟಾರ್ ಮಂಗಳೂರು:
‘ಸುಳ್ಳು’ ಎಂಬ ಪದ ಭಾರವಾಯಿತು ಮಾರಾಯರೇ. ಆ ಚಿತ್ರ ಹೇಳುವುದು ದಕ್ಷಿಣ ಆಫ್ರಿಕಾದ ಅಭಿಮಾನಿಗಳ ಹುಡುಕಾಟದ ಕಥೆಯನ್ನು. ವರ್ಣಭೇದ ನೀತಿಯ ಕಾಲದಲ್ಲಿ ಹೊರಜಗತ್ತಿನಿಂದ ಕತ್ತರಿಸಿಹೋಗಿದ್ದ ಆ ದೇಶದಲ್ಲಿ, ಆತ ವೇದಿಕೆಯ ಮೇಲೆಯೇ ಪ್ರಾಣ ಕಳೆದುಕೊಂಡ ಎಂಬ ಗಾಳಿಮಾತನ್ನು ಜನ ನಂಬಿದ್ದರು. ರೇಡಿಯೋದವರು ಬೇಡದ ಹಾಡು ಪ್ರಸಾರವಾಗದಿರಲೆಂದು ಎಲ್‌ಪಿಯ ಆ ಭಾಗವನ್ನೇ ಕೆರೆದು ಹಾಳುಮಾಡಿದ್ದನ್ನು ಚಿತ್ರದಲ್ಲಿ ಕಣ್ಣಾರೆ ನೋಡಬಹುದು. ಅವರಿಗೆ ಆತ 1998ರವರೆಗೆ ಸತ್ತವನೇ. ನೋಡುವವರ ಕಣ್ಣಿನಿಂದ ಕಥೆ ಹೇಳುವುದು ಚಿತ್ರಕಾರನ ಹಕ್ಕು. ಎಲ್ಲ ದೇಶಗಳ ಪ್ರವಾಸಪಟ್ಟಿ ಬೇಕಾದವರು ವಿಶ್ವಕೋಶ ಓದಬೇಕು.

ಮೆಲ್ಬರ್ನ್ ನಿವಾಸಿ:
‘ಹಕ್ಕು’ ಎಂದಿರಿ. ಸಾಕ್ಷ್ಯಚಿತ್ರ ಎಂದು ಹೆಸರಿಟ್ಟುಕೊಂಡ ಮೇಲೆ ಆ ಹಕ್ಕಿಗೆ ಮಿತಿ ಇದೆ. 1971ರ ಎರಡನೆಯ ಆಲ್ಬಮ್ ಆದ ಮೇಲೆ ಮನುಷ್ಯ ಕತ್ತಲಲ್ಲಿ ಮುಳುಗಿದ, 1998ರಲ್ಲಿ ಕೇಪ್‌ಟೌನಿನ ದೀಪಗಳ ಕೆಳಗೆ ಎದ್ದುಬಂದ ಎಂದು ನೋಡುಗ ನಂಬುವಂತೆ ಚಿತ್ರವನ್ನು ಕಟ್ಟಲಾಗಿದೆ. ನಡುವಿನ ಎರಡು ಪ್ರವಾಸಗಳನ್ನು ಸೇರಿಸಿದ್ದರೆ ಆ ಪುನರ್ಜನ್ಮ ನಿಲ್ಲುತ್ತಿರಲಿಲ್ಲ, ಆದ್ದರಿಂದಲೇ ಸೇರಿಸಲಿಲ್ಲ. ಕುರುಕ್ಷೇತ್ರದಲ್ಲಿ ಧರ್ಮರಾಯ ‘ಅಶ್ವತ್ಥಾಮ ಹತನಾದ’ ಎಂದ ಮೇಲೆ ‘ಕುಂಜರ’ ಎಂದು ಮೆಲ್ಲಗಾದರೂ ಹೇಳಿದ್ದ. ಈ ಚಿತ್ರ ಅಷ್ಟನ್ನೂ ಹೇಳಲಿಲ್ಲ.

ವೀಣೆಯ ವಿದ್ಯಾರ್ಥಿನಿ:
ಮೊದಲ ಬರಹದ ಆಲ್ಬಮ್ಮಿನ ಬಗ್ಗೆ ಇಲ್ಲಿ ಯಾರೂ ಒಂದು ಮಾತನ್ನೂ ಆಡಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ. ನಿನ್ನೆ ರಾತ್ರಿ ಹೆಡ್‌ಫೋನ್ ಹಾಕಿಕೊಂಡು ‘ಟೈಮ್ ಆಫ್ ದ ಸೀಸನ್’ ಕೇಳಿದೆ. ಬಾಸ್ ಗಿಟಾರಿನ ಪುಟ್ಟ ಪಲುಕು, ಅದರ ಹಿಂದೆ ಒಂದು ಚಪ್ಪಾಳೆ, ಚಪ್ಪಾಳೆಯ ಬೆನ್ನಿಗೆ ಮನುಷ್ಯನ ಒಂದು ಉಸಿರು. ಈ ಮೂರರ ನಡುವೆ ಬಿಟ್ಟಿರುವ ಜಾಗವೇ ಆ ಹಾಡಿನ ಜೀವ. ಅದೇ ಆಲ್ಬಮ್ಮಿನಲ್ಲಿ ಮೊದಲ ಮಹಾಯುದ್ಧದ ಸೈನಿಕನ ಹಾಡೊಂದಿದೆ. ಕಾಲಿನಿಂದ ತಿದಿಯೊತ್ತುವ ಹಾರ್ಮೋನಿಯಂ ಮೇಲೆ ನಿಂತಿರುವ ಆ ಹಾಡಿನಲ್ಲಿ ಕ್ರಿಸ್ ವೈಟ್ ಅವರ ನಡುಗುವ ಕಂಠ ಶ್ರುತಿಯಿಂದ ಜಾರಿತೇನೋ ಎಂಬಷ್ಟು ಅಂಚಿನಲ್ಲಿ ನಡೆಯುತ್ತದೆ. ಇಂಥದ್ದನ್ನು ಕೇಳಿ ಮೈ ಜುಮ್ಮೆನ್ನಲು ತಂಡ ಯಾವಾಗ ಒಡೆಯಿತು ಎಂಬ ಸಮಾಚಾರ ನನಗೆ ಬೇಕಾಗಲಿಲ್ಲ. ಕಥೆ ಗೊತ್ತಾದದ್ದು ಆಮೇಲೆ.

ತುಂಗಾತೀರ:
‘ಕಥೆ ಗೊತ್ತಾದದ್ದು ಆಮೇಲೆ’ ಎಂಬುದು ಹೇಗೆ ಸಾಧ್ಯ? ಈ ಚರ್ಚೆಯ ಮೊದಲ ಬರಹದಲ್ಲೇ ಇಡೀ ಕಥೆ ಇದೆ, ಅದನ್ನು ಓದಿಯೇ ನೀವು ನಿನ್ನೆ ರಾತ್ರಿ ಕೇಳಿದ್ದು. ಇನ್ನು ಆ ಹಾರ್ಮೋನಿಯಂ ಹಾಡನ್ನೇ ಅಮೆರಿಕದಲ್ಲಿ ಈ ಆಲ್ಬಮ್ಮಿನಿಂದ ಸಿಂಗಲ್ ಆಗಿ, ಅಂದರೆ ಬಿಡಿ ಹಾಡಿನ ರೆಕಾರ್ಡ್ ಆಗಿ ಬಿಟ್ಟಿದ್ದರು, ಅದು ನೆಲಕಚ್ಚಿತು. ಅದೇ ಸಂಗೀತ, ಅದೇ ಕಂಠ, ಆಗ ಯಾರಿಗೂ ಮೈ ಜುಮ್ಮೆನ್ನಲಿಲ್ಲ.

ವೀಣೆಯ ವಿದ್ಯಾರ್ಥಿನಿ:
ನಾನು ಆ ಆಲ್ಬಮ್ಮನ್ನು ಮೊದಲು ಕೇಳಿದ್ದು ಒಂಬತ್ತು ವರ್ಷಗಳ ಹಿಂದೆ, ಹಾಸ್ಟೆಲ್ಲಿನಲ್ಲಿ, ಗೆಳತಿಯೊಬ್ಬಳು ಹೆಸರನ್ನೂ ಹೇಳದೆ ಕಿವಿಗೆ ಇಟ್ಟಾಗ. ನಿನ್ನೆ ಕೇಳಿದ್ದು ಮತ್ತೊಮ್ಮೆ. ನನ್ನ ಕಿವಿಯ ಬಗ್ಗೆ ತೀರ್ಪು ಕೊಡುವ ಮೊದಲು ನೀವು ಒಂದು ಪ್ರಶ್ನೆ ಕೇಳಬಹುದಿತ್ತು.

ಬಾಸ್ ಗಿಟಾರ್ ಮಂಗಳೂರು:
ಧರ್ಮರಾಯನನ್ನು ತಂದದ್ದು ಒಳ್ಳೆಯದಾಯಿತು. ಧರ್ಮರಾಯನಿಗೆ ಸತ್ಯ ಗೊತ್ತಿತ್ತು, ದ್ರೋಣರನ್ನು ಕೆಡಹಲೆಂದು ಹೇಳಿದ. ಈ ನಿರ್ದೇಶಕ ಯಾರನ್ನು ಕೆಡವಿದರು? ಚಿತ್ರ ಬಂದ ಮೇಲೆ ಎಪ್ಪತ್ತು ದಾಟಿದ ರೊಡ್ರಿಗೇಜ್ ಜಗತ್ತು ಸುತ್ತಿ ಹಾಡಿದರು. ಆಸ್ಟ್ರೇಲಿಯಾದ ಎರಡು ಪ್ರವಾಸಗಳು ಅವರಿಗೆ ಕೊಡದ ಕೇಳುಗರನ್ನು ಆ ಚಿತ್ರ ಕೊಟ್ಟಿತು. 1981ರ ನಂತರ ನಿಮ್ಮ ಊರಿನವರೂ ಅವರನ್ನು ಮರಳಿ ಕೂಲಿ ಕೆಲಸಕ್ಕೇ ಬಿಟ್ಟಿರಲ್ಲವೇ?

ಮೆಲ್ಬರ್ನ್ ನಿವಾಸಿ:
‘ನಿಮ್ಮ ಊರಿನವರೂ ಬಿಟ್ಟಿರಿ’ ಎಂದು ಬರೆಯಲು ನಿಮಗೆ ಸಂಕೋಚವಾಗಬೇಕು. 1981ರಲ್ಲಿ ನಾನು ತಿಪಟೂರಿನಲ್ಲಿ ಎರಡನೆಯ ತರಗತಿಯಲ್ಲಿದ್ದೆ. ನನ್ನನ್ನು ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸಿ ನೀವು ಪ್ರಶ್ನೆಯಿಂದ ಪಾರಾಗುತ್ತಿದ್ದೀರಿ. ಪ್ರಶ್ನೆ ಒಂದೇ: ಆ ಎರಡು ಪ್ರವಾಸಗಳು ನಡೆದವೋ, ಇಲ್ಲವೋ? ನಡೆದಿದ್ದರೆ ಚಿತ್ರದಲ್ಲಿ ಒಂದು ವಾಕ್ಯವಾದರೂ ಏಕಿಲ್ಲ? ಇನ್ನೊಂದು ಮಾತು. ಆಲ್ಬಮ್ಮನ್ನು ಜಗತ್ತಿಗೆ ಮರಳಿ ತಂದದ್ದು ಚಿತ್ರವಲ್ಲ. ‘ಕೋಲ್ಡ್ ಫ್ಯಾಕ್ಟ್’ ಅನ್ನು ಸಿಯಾಟಲ್‌ನ ಲೈಟ್ ಇನ್ ದಿ ಅಟಿಕ್ ಸಂಸ್ಥೆ 2008ರಲ್ಲೇ ಮರುಬಿಡುಗಡೆ ಮಾಡಿತ್ತು. ಚಿತ್ರ ಬಂದದ್ದು ನಾಲ್ಕು ವರ್ಷದ ನಂತರ.

ಬಾಸ್ ಗಿಟಾರ್ ಮಂಗಳೂರು:
2008ರ ಮರುಬಿಡುಗಡೆಯನ್ನು ಕೊಂಡವರು ಎಲ್‌ಪಿ ಹುಡುಕುವ ಹವ್ಯಾಸಿಗಳು. ಚಿತ್ರ ನೋಡಿದವರಲ್ಲಿ ನನ್ನ ಅಮ್ಮನೂ ಇದ್ದರು. ರಾಕ್ ಸಂಗೀತವೆಂದರೆ ಬಾಗಿಲು ಹಾಕಿಕೊಳ್ಳುತ್ತಿದ್ದ ಅವರು ಆ ರಾತ್ರಿ ‘ಆ ಕಪ್ಪು ಕನ್ನಡಕದವರದ್ದು ಇನ್ನೊಂದು ಹಾಕು’ ಎಂದರು. ಈ ವ್ಯತ್ಯಾಸವನ್ನು ನೀವು ಎಣಿಕೆಗೆ ತೆಗೆದುಕೊಳ್ಳುತ್ತಿಲ್ಲ.

ಹಳೇ ಟೇಪು:
ನನ್ನ ಬರಹದಲ್ಲಿ ಉದಾಹರಣೆಯಾಗಿ ಬಂದ ರೊಡ್ರಿಗೇಜ್ ಅವರ ಮೇಲೆಯೇ ಚರ್ಚೆಯೆಲ್ಲ ನಿಂತಿರುವುದು ನನಗೆ ಬೇಸರ ತಂದಿದೆ. ಆಸ್ಟ್ರೇಲಿಯಾದ ಪ್ರವಾಸಗಳು ನಡೆದಿದ್ದರೆ ಅದು ನನ್ನ ವಾದಕ್ಕೇ ಬಲ, ಏಕೆಂದರೆ ಸಂಗೀತ ಒಂದಲ್ಲ, ಎರಡು ದೇಶಗಳಲ್ಲಿ ತನ್ನ ಕೇಳುಗರನ್ನು ಹುಡುಕಿಕೊಂಡಿತು ಎಂದಾಯಿತು. ಕಥೆಯೇ ಮಾರುತ್ತದೆ ಎನ್ನುವವರು ಡೆಟ್ರಾಯಿಟ್‌ನದ್ದೇ ಆದ ‘ಡೆತ್’ ತಂಡದ ಹಾಡುಗಳನ್ನು ಕೇಳಲಿ. ಮೂವರು ಕಪ್ಪುವರ್ಣೀಯ ಸಹೋದರರು 1975ರಲ್ಲಿ ಧ್ವನಿಮುದ್ರಿಸಿದ ಆ ಟೇಪುಗಳು ಆಲ್ಬಮ್ಮಾಗಿ ಬಂದದ್ದು 2009ರಲ್ಲಿ. ಅದಕ್ಕೂ ಮೊದಲು ಅವರು ತಾವೇ ಮಾಡಿಸಿದ್ದ ಐನೂರು ಪ್ರತಿಗಳ ಸಿಂಗಲ್ಲನ್ನು ಸಂಗ್ರಾಹಕರು ಹುಡುಕಿ ಹುಡುಕಿ ಕೊಳ್ಳುತ್ತಿದ್ದರು. ಹುಣಸೆಮರ ಮುಪ್ಪಾದರೂ ಹುಳಿಗೆ ಮುಪ್ಪಿಲ್ಲ.

ತುಂಗಾತೀರ:
‘ಮೂವರು ಕಪ್ಪುವರ್ಣೀಯ ಸಹೋದರರು’ ಎಂದು ನೀವೇ ಬರೆದಿರಿ. ಹಾಡಿನ ಗಿಟಾರ್ ಹೇಗಿದೆ, ತಾಳ ಎಷ್ಟು ವೇಗದ್ದು ಎಂದು ಒಂದು ಸಾಲನ್ನೂ ಬರೆಯದೆ ಅವರು ಯಾರು, ಎಷ್ಟು ವರ್ಷ ಕಾದರು ಎಂದು ಬರೆದಿರಿ. ಕಥೆ ಬೇಡವೆನ್ನುವವರಿಗೂ ಕಥೆಯಿಲ್ಲದೆ ಒಂದು ಆಲ್ಬಮ್ಮನ್ನು ಶಿಫಾರಸು ಮಾಡಲು ಬರುವುದಿಲ್ಲ ಎಂಬುದೇ ನನ್ನ ವಾದ.

ವೀಣೆಯ ವಿದ್ಯಾರ್ಥಿನಿ:
ಹಾಗಾದರೆ ನನ್ನ ಬರಹವನ್ನು ಇನ್ನೊಮ್ಮೆ ಓದಿ. ಬಾಸ್, ಚಪ್ಪಾಳೆ, ಉಸಿರು. ಅಲ್ಲಿ ಯಾರ ಬದುಕಿನ ಕಥೆಯೂ ಇಲ್ಲ. ‘ಪಿಂಕ್ ಮೂನ್’ ಬಗ್ಗೆಯೂ ಹಾಗೆಯೇ ಬರೆಯಬಲ್ಲೆ. ಒಂದು ಕಂಠ, ಒಂದು ಗಿಟಾರ್, ಮೊದಲ ಹಾಡಿನಲ್ಲಿ ಮಾತ್ರ ನಾಲ್ಕು ಹನಿ ಪಿಯಾನೋ, ಒಟ್ಟು ಅರ್ಧ ಗಂಟೆಯೂ ಇಲ್ಲ. ಕಾರಿನ ಜಾಹೀರಾತು ಬಂದಿತ್ತೆಂದು ನಿಮ್ಮಿಂದಲೇ ತಿಳಿಯಿತು, ಅದರಿಂದ ನನ್ನ ಕಿವಿಗೆ ಒಂದು ಸ್ವರವೂ ಬದಲಾಗಲಿಲ್ಲ.

ತುಂಗಾತೀರ:
ನೀವು ಒಬ್ಬರು. ನಾನು ಹೇಳುತ್ತಿರುವುದು ಮಾರುಕಟ್ಟೆಯ ವಿಷಯ.

ಹಳೇ ಟೇಪು:
ಮೊದಲ ಬರಹದಲ್ಲಿ ‘1998ರವರೆಗೆ’ ಎಂಬುದನ್ನು ‘ದಕ್ಷಿಣ ಆಫ್ರಿಕಾದಲ್ಲಿ 1998ರವರೆಗೆ’ ಎಂದು ತಿದ್ದಿಕೊಳ್ಳುತ್ತಿದ್ದೇನೆ. ಇದು ಪದಗಳ ತಿದ್ದುಪಡಿ ಮಾತ್ರ, ವಾದದಲ್ಲಿ ಏನೂ ಬದಲಾಗಿಲ್ಲ.

ಮೆಲ್ಬರ್ನ್ ನಿವಾಸಿ:
‘ಪದಗಳ ತಿದ್ದುಪಡಿ ಮಾತ್ರ’ ಎಂಬುದನ್ನು ನಾನು ಒಪ್ಪುವುದಿಲ್ಲ. ನಿಮ್ಮ ಮೊದಲ ವಾಕ್ಯದಲ್ಲಿ ಇಪ್ಪತ್ತೇಳು ವರ್ಷ ಯಾರಿಗೂ ಬೇಡವಾಗಿದ್ದ ಮನುಷ್ಯನಿದ್ದ. ಈಗಿನ ವಾಕ್ಯದಲ್ಲಿ ಆತ ಆ ನಡುವೆ ಎರಡು ಸಲ ವಿಮಾನ ಹತ್ತಿ ಬಂದು, ಹಾಡುಗಳು ಬಾಯಿಪಾಠವಾಗಿದ್ದ ಜನರ ಮುಂದೆ ಹಾಡಿಹೋದವನು. ಅದೇ ಎಲ್‌ಪಿಯನ್ನು ಇಟ್ಟುಕೊಂಡಿದ್ದ ನನ್ನ ಮನೆಮಾಲೀಕರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು.

ಬಾಸ್ ಗಿಟಾರ್ ಮಂಗಳೂರು:
‘ಬಾಯಿಪಾಠವಾಗಿದ್ದ ಜನ’ ಎಂಬುದಕ್ಕೆ ನಿಮ್ಮ ಮನೆಮಾಲೀಕರ ಕಪಾಟಿನ ಹೊರತು ಬೇರೆ ಸಾಕ್ಷಿ ಇದ್ದರೆ ತಿಳಿಸಿ.